ಬಿಲ್ ಆದಮೇಲೆ ಶುರುವಾಗುವ ಕೆಲಸ

ಸೇಲ್ಸ್ ಕೆಲಸ ಅಂದ ಕೂಡಲೇ ಜನ ಕೇಳುವುದು ಮಾತಿನ ಬಗ್ಗೆ. 'ಚೆನ್ನಾಗಿ ಮಾತಾಡೋಕೆ ಬರಬೇಕು ಅಲ್ವಾ?' ಅಂತ. ಸಗಟು ಸರಬರಾಜಿನ ಸೇಲ್ಸ್‌ನಲ್ಲಿ ಮಾತಿನ ಮಲ್ಲರಿಗೆ ಅಂಥ ಬೆಲೆಯೇನಿಲ್ಲ. ಪೈಪು, ವಾಲ್ವು, ನಟ್ಟು ಬೋಲ್ಟು, ಬೇರಿಂಗು ಕೊಳ್ಳುವವರನ್ನು ಯಾರೂ ಪುಸಲಾಯಿಸಬೇಕಿಲ್ಲ. ಕಟ್ಟಡ ಕಟ್ಟುವ ಗುತ್ತಿಗೆದಾರರಿಗೆ, ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದವರಿಗೆ ಏನು ಬೇಕು ಅಂತ ಚೆನ್ನಾಗಿಯೇ ಗೊತ್ತಿರುತ್ತದೆ. ಅವರು ಕೇಳುವುದು ಮೂರೇ ಪ್ರಶ್ನೆ. ಇದೆಯಾ? ಯಾವಾಗ ಬರುತ್ತೆ? ಎಷ್ಟಕ್ಕೆ ಕೊಡ್ತೀರಾ?

ಮೊದಲನೆಯದು ಗೋದಾಮಿನವರ ಕೈಯಲ್ಲಿದೆ. ಎರಡನೆಯದು ಪರ್ಚೇಸ್‌ನವರ ಮತ್ತು ಲಾರಿಯವರ ಕೈಯಲ್ಲಿ. ಮೂರನೆಯದು ಬಹುಪಾಲು ಮ್ಯಾನೇಜರ್ ಕೈಯಲ್ಲಿ. ಉತ್ತರ ಹೇಳಬೇಕಾದವರು ಮಾತ್ರ ನಾವು. ಈ ಕೆಲಸದ ಕಷ್ಟ ಇರುವುದು ಇಲ್ಲೇ, ಸ್ವಲ್ಪ ಮಜಾ ಇರುವುದೂ ಇಲ್ಲೇ. ಬೇರೆಯವರು ಮಾಡಬೇಕಾದ ಕೆಲಸಕ್ಕೆ ನಾವು ಮಾತು ಕೊಡುತ್ತೇವೆ. ಕೊಟ್ಟ ಮೇಲೆ ಆ ಮಾತು ಉಳಿಯಲಿ ಅಂತ ಎಲ್ಲರ ಬೆನ್ನು ಹತ್ತುತ್ತೇವೆ. ಕಂಪನಿ ತಿಂಗಳ ಕೊನೆಗೆ ನೋಡುವುದು ಮಾತ್ರ ಬಿಲ್ ಎಷ್ಟಾಯಿತು ಅಂತ.

ಹೊಸದಾಗಿ ಸೇರಿದವರಿಗೆ ಮೊದಲು ಹೆದರಿಕೆ ಹುಟ್ಟಿಸುವುದು ಐಟಂ ಪಟ್ಟಿ. ಮಧ್ಯಮ ಗಾತ್ರದ ವಿತರಕರ ಹತ್ತಿರವೂ ಸಾವಿರಗಟ್ಟಲೆ ಐಟಂಗಳಿರುತ್ತವೆ. ಅಷ್ಟನ್ನೂ ಯಾರೂ ಬಾಯಿಪಾಠ ಮಾಡುವುದಿಲ್ಲ. ನಂಬರುಗಳನ್ನು ಓದುವುದು ಕಲಿಯುತ್ತಾರೆ, ಅಷ್ಟೇ. 6205 ಅನ್ನುವ ಬೇರಿಂಗ್ ತಗೊಳ್ಳಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ 25. ಒಳಗಿನ ತೂತು 25 ಮಿಲಿಮೀಟರ್. ಹಿಂದೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ಲೋಹದ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಸಿ3 ಅಂತಿದ್ದರೆ ಒಳಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸಡಿಲ. ಬಿಸಿಯಾದಾಗ ಹಿಗ್ಗಲು ಜಾಗ ಬೇಕಲ್ಲ, ಅದಕ್ಕೆ ಎಲೆಕ್ಟ್ರಿಕ್ ಮೋಟಾರುಗಳಲ್ಲಿ ಸಾಮಾನ್ಯವಾಗಿ ಅದನ್ನು ಹಾಕುತ್ತಾರೆ. ಪಾರ್ಟಿ, ಅಂದರೆ ಮಾಲು ಕೊಳ್ಳುವವರು, ಫೋನ್ ಮಾಡಿ '6205 ಹತ್ತು ಪೀಸ್ ಕಳಿಸಿ' ಅಂದಾಗ ಸುಮ್ನೆ ಬರೆದುಕೊಳ್ಳುವವರು ಒಬ್ಬರು. 'ಮೋಟಾರಿಗಾ ಸರ್?' ಅಂತ ಕೇಳುವವರು ಇನ್ನೊಬ್ಬರು. ಆ ಎರಡು ಪದದ ಪ್ರಶ್ನೆಗೆ ಯಾವ ಕಂಪನಿಯೂ ಕಮಿಷನ್ ಕೊಡುವುದಿಲ್ಲ. ಆದರೆ ಪಾರ್ಟಿ ಮುಂದಿನ ಸಲ ಯಾರಿಗೆ ಫೋನ್ ಮಾಡಬೇಕು ಅನ್ನುವುದು ತೀರ್ಮಾನವಾಗುವುದು ಅದರಿಂದಲೇ.

ಪೈಪ್ ಫಿಟ್ಟಿಂಗ್‌ನದು ಇನ್ನೂ ಮಜಾ. ಲೋಕದಲ್ಲಿ ಪೈಪಿನ ಮರೆಗೆ, ಅಂದರೆ ತಿರುಗಿಸಿ ಕೂಡಿಸುವ ಥ್ರೆಡ್‌ಗೆ, ಎರಡು ದೊಡ್ಡ ಪದ್ಧತಿಗಳಿವೆ, ಬ್ರಿಟನ್ನಿನ ಬಿಎಸ್‌ಪಿ ಮತ್ತು ಅಮೆರಿಕದ ಎನ್‌ಪಿಟಿ. ಒಂದರ ಮರೆಯ ಕೋನ 55 ಡಿಗ್ರಿ, ಇನ್ನೊಂದರದು 60. ಒಂದು ಇಂಚಿನ ಸೈಜಿನಲ್ಲಿ ತೊಂದರೆಯಿಲ್ಲ. ಬಿಎಸ್‌ಪಿಗೆ ಇಂಚಿಗೆ 11 ಮರೆ, ಎನ್‌ಪಿಟಿಗೆ ಹನ್ನೊಂದೂವರೆ. ಕೂಡಿಸಲು ಹೋದರೆ ಬೇಗ ಸಿಕ್ಕಿಹಾಕಿಕೊಳ್ಳುತ್ತದೆ, ತಪ್ಪು ಗೊತ್ತಾಗುತ್ತದೆ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಮರೆ. ಕೈಯಲ್ಲಿ ತಿರುಗಿಸಿದರೆ ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ. ಫಿಟ್ಟರ್ ಟೇಪ್ ಸುತ್ತಿ, ಸ್ಪ್ಯಾನರ್ ಹಾಕಿ ಬಿಗಿದು, ಕೈ ತೊಳೆದುಕೊಂಡು ಹೋಗಿರುತ್ತಾನೆ. ಲೈನಿಗೆ ಪ್ರೆಶರ್ ಬಿಟ್ಟಾಗ ಮರೆಯ ಬುಡದಿಂದ ನೀರು ಜಿನುಗಲು ಶುರು. ಆಗ ಬರುವ ಫೋನಿನಲ್ಲಿ ಯಾರೂ ಮರೆಯ ಕೋನದ ಬಗ್ಗೆ ಮಾತಾಡುವುದಿಲ್ಲ. 'ಎಂಥ ಮಾಲು ಕೊಟ್ಟಿದ್ದೀರಾ ನೀವು?' ಅಷ್ಟೇ.

ಇಂಥ ಆರ್ಡರ್ ಬರುವ ರೀತಿಯೂ ಹಾಗೇ ಇರುತ್ತದೆ. ಎಣ್ಣೆ ಮೆತ್ತಿದ ಅಂಗೈ ಮೇಲೆ ಒಂದು ಫಿಟ್ಟಿಂಗ್ ಇಟ್ಟು ತೆಗೆದ ಮಸುಕು ಫೋಟೋ, ಕೆಳಗೆ 'ಹೋದ ಸಲದ್ದೇ' ಅಂತ ಒಂದು ಸಾಲು. ಹೋದ ಸಲದ ಬಿಲ್ ಹುಡುಕಿದರೆ ಅದರಲ್ಲಿ ಮೂರು ಬಗೆಯ ಫಿಟ್ಟಿಂಗ್ ಇರುತ್ತವೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ಹಿಂದೆ ಮಿಷಿನ್ ಸದ್ದು. ನಾನು ಇಂಥ ಹೊತ್ತಲ್ಲಿ ಕೇಳುವುದು ಒಂದೇ. 'ಇದು ಕೂರುವ ಮಿಷಿನ್ ಯಾವುದು ಸರ್, ಅದರ ಪ್ಲೇಟಿನ ಫೋಟೋ ಒಂದು ಕಳಿಸ್ತೀರಾ?' ಮಿಷಿನ್ ಯಾವ ಕಂಪನಿಯದು ಅಂತ ತಿಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಉಳಿದರ್ಧಕ್ಕೆ ಮರೆ ಅಳೆಯುವ ಥ್ರೆಡ್ ಗೇಜ್ ಇದೆ.

ಇನ್ನು 'ಇದೆಯಾ?' ಅನ್ನುವ ಪ್ರಶ್ನೆಗೆ ಬರೋಣ. ಕಂಪ್ಯೂಟರಿನಲ್ಲಿ ಇದೆ ಅಂತ ತೋರಿಸುವುದಕ್ಕೂ ರ‍್ಯಾಕಿನಲ್ಲಿ ನಿಜವಾಗಿ ಇರುವುದಕ್ಕೂ ನಡುವೆ ಒಂದು ಕಂದಕವಿದೆ. ರಿಟರ್ನ್ ಬಂದದ್ದನ್ನು ಎಂಟ್ರಿ ಮಾಡಿ ತಪ್ಪು ಜಾಗದಲ್ಲಿ ಇಟ್ಟಿರುತ್ತಾರೆ. ಇನ್ನೊಬ್ಬ ಸೇಲ್ಸ್‌ನವರು ತಮ್ಮ ಪಾರ್ಟಿಗೆ ಅಂತ ಬಾಯಲ್ಲೇ ಹೇಳಿ ಎತ್ತಿಡಿಸಿರುತ್ತಾರೆ. ಡಬ್ಬ ಒಡೆದು ಬಿಡಿ ಕೊಟ್ಟದ್ದು ಲೆಕ್ಕಕ್ಕೆ ಬಂದಿರುವುದಿಲ್ಲ. ಅದಕ್ಕೇ ಅನುಭವ ಇದ್ದವರು ದೊಡ್ಡ ಆರ್ಡರಿಗೆ ಹೂಂ ಅನ್ನುವ ಮುಂಚೆ ಗೋದಾಮಿಗೆ ಫೋನ್ ಮಾಡುತ್ತಾರೆ. ಫೋನ್ ಮಾಡಿದರೆ ಅಲ್ಲಿಯವರು ಎದ್ದು ಹೋಗಿ ನೋಡಿ ಬರಬೇಕಲ್ಲ? ನೋಡಿ ಬರಲಿ ಅಂದರೆ ನೀವು ಅವರ ಹತ್ತಿರ ಬರೀ ಅರ್ಜೆಂಟ್ ಇದ್ದಾಗ ಮಾತ್ರ ಮಾತಾಡುವವರಾಗಿರಬಾರದು. ಎಲ್ಲ ಪಾರ್ಟಿಯೂ ಅರ್ಜೆಂಟ್, ಎಲ್ಲ ಲೋಡೂ ಈಗಲೇ ಅನ್ನುವ ಸೇಲ್ಸ್‌ನವರನ್ನು ಗೋದಾಮಿನವರು ಬಹಳ ಬೇಗ ಕಿವಿಯಿಂದ ಆಚೆ ಹಾಕುತ್ತಾರೆ. ಅದು ನ್ಯಾಯವೇ.

ಇಲ್ಲೊಂದು ಲೆಕ್ಕ ಹೇಳಬೇಕು. ಮೀಟಿಂಗುಗಳಲ್ಲಿ 'ನಮ್ಮ ಫಿಲ್ ರೇಟ್ 95 ಪರ್ಸೆಂಟ್' ಅಂತ ಹೆಮ್ಮೆಯಿಂದ ಹೇಳುತ್ತಾರೆ. ಅಂದರೆ ಕೇಳಿದ 100 ಐಟಂಗಳಲ್ಲಿ 95 ಸ್ಟಾಕಿನಿಂದಲೇ ಹೋಗುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಪಾರ್ಟಿ ಒಂದೊಂದೇ ಐಟಂ ಕೇಳುವುದಿಲ್ಲ. ಹತ್ತು ಐಟಂಗಳ ಪಟ್ಟಿ ಕಳಿಸುತ್ತಾರೆ. ಒಂದೊಂದೂ ಸಿಗುವ ಸಾಧ್ಯತೆ 95 ಆದರೆ, ಹತ್ತೂ ಒಟ್ಟಿಗೆ ಸಿಗುವ ಸಾಧ್ಯತೆ 0.95ನ್ನು ಹತ್ತು ಸಲ ಗುಣಿಸಿದಷ್ಟು. ಅದು ಸುಮಾರು 60 ಪರ್ಸೆಂಟ್. ಇಪ್ಪತ್ತು ಐಟಂಗಳ ಪಟ್ಟಿಯಾದರೆ ಸುಮಾರು 36. ಅಂದರೆ ಮೀಟಿಂಗಿನಲ್ಲಿ ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಿರುವಾಗ, ಇಪ್ಪತ್ತು ಐಟಂ ಕೇಳಿದ ಮೂವರಲ್ಲಿ ಇಬ್ಬರಿಗೆ ಏನಾದರೊಂದು ಕಡಿಮೆ ಬಿದ್ದಿರುತ್ತದೆ. ಕಡಿಮೆ ಬಿದ್ದದ್ದು ಒಂದು ಗ್ಯಾಸ್ಕೆಟ್ ಆದರೂ ಅವರ ಕೆಲಸ ನಿಲ್ಲುತ್ತದೆ. 'ನಿಮ್ಮ ಹತ್ತಿರ ಯಾವತ್ತೂ ಪೂರ್ತಿ ಸಿಗಲ್ಲ ಕಣ್ರೀ' ಅಂತ ಪಾರ್ಟಿ ಹೇಳುವುದೂ ನಿಜ, 95 ಅಂತ ಮ್ಯಾನೇಜರ್ ಹೇಳುವುದೂ ನಿಜ. ಎರಡು ನಿಜಗಳ ನಡುವೆ ಬೈಸಿಕೊಳ್ಳುವ ಕುರ್ಚಿ ನಮ್ಮದು.

ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಕೆಟ್ಟ ಸುದ್ದಿಯನ್ನು ಪಾರ್ಟಿ ಕೇಳುವ ಮುಂಚೆ ಹೇಳುವುದು. ಗಾಡಿ ಬಂದು ನಿಂತ ಮೇಲೆ ಒಂದು ಐಟಂ ಇಲ್ಲ ಅಂತ ಗೊತ್ತಾಗುವುದು ಬೇರೆ, ಹಿಂದಿನ ದಿನವೇ 'ಸರ್, ಒಂಬತ್ತು ಬರುತ್ತೆ, ಒಂದು ಗುರುವಾರ. ಬೇಡ ಅಂದ್ರೆ ಇಂಥ ಬದಲಿ ಇದೆ' ಅಂತ ಫೋನ್ ಬರುವುದು ಬೇರೆ. ಬಯ್ಗುಳ ಎರಡರಲ್ಲೂ ಇರುತ್ತದೆ. ಎರಡನೆಯದರಲ್ಲಿ ಆರ್ಡರ್ ಉಳಿಯುತ್ತದೆ.

ಡಿಸ್ಕೌಂಟಿನ ವಿಷಯಕ್ಕೆ ಬಂದರೆ, ಹೊರಗಿನವರಿಗೆ ಸಗಟು ವ್ಯಾಪಾರ ಅಂದರೆ ರಾಶಿ ಲಾಭ ಅನ್ನುವ ಕಲ್ಪನೆ ಇರುತ್ತದೆ. ರಾಶಿ ಇರುವುದು ಮಾಲು ಮಾತ್ರ. 100ಕ್ಕೆ ಮಾರಿದ್ದರ ಅಸಲು 80 ಅಂದುಕೊಳ್ಳಿ. ಕೈಗೆ 20. ಗೋದಾಮಿನ ಬಾಡಿಗೆ, ಸಂಬಳ, ಸಾಗಾಟ, ಬಡ್ಡಿ ಎಲ್ಲ ಕಳೆದರೆ ಉಳಿಯುವುದು ಚೂರುಪಾರು. ಪಾರ್ಟಿ 'ಐದು ಪರ್ಸೆಂಟ್ ಬಿಡಿ, ಏನ್ ಮಹಾ' ಅನ್ನುತ್ತಾರೆ. ಬಿಟ್ಟರೆ ಮಾರಿದ ಬೆಲೆ 95, ಕೈಗೆ 15. ಮೊದಲಿನ 20ನ್ನು ಮತ್ತೆ ದುಡಿಯಬೇಕಾದರೆ ಅದೇ ಮಾಲನ್ನು ಮೂರನೇ ಒಂದು ಪಾಲು ಜಾಸ್ತಿ ಮಾರಬೇಕು. ಐದು ಅನ್ನುವುದು ಬೆಲೆಯಲ್ಲಿ ಐದು, ಲಾಭದಲ್ಲಿ ಕಾಲುಭಾಗ. ನನಗೆ ಅರ್ಥವಾಗದಿರುವುದು ಏನೆಂದರೆ, ಇದು ಗೊತ್ತಿದ್ದೂ ಎಷ್ಟೋ ಕಂಪನಿಗಳು ಕಮಿಷನ್ನನ್ನು ಮಾರಾಟದ ಮೊತ್ತದ ಮೇಲೆ ಕಟ್ಟುತ್ತವೆ. ಹಾಗೆ ಕಟ್ಟಿದರೆ ಐದು ಬಿಟ್ಟ ಸೇಲ್ಸ್‌ನವರ ಕಮಿಷನ್ ಕಡಿಮೆಯಾಗುವುದೂ ಬರೀ ಐದು ಪರ್ಸೆಂಟೇ. ಆರ್ಡರ್ ಕೈತಪ್ಪಿದರೆ ಪೂರ್ತಿ ಸೊನ್ನೆ. ಅವರು ಬಿಟ್ಟೇ ಬಿಡುತ್ತಾರೆ. ನಾನೂ ಬಿಡುತ್ತೇನೆ. ಮಾರ್ಜಿನ್ ಮೇಲೆ, ಅಂದರೆ ಅಸಲು ಕಳೆದು ಕೈಗೆ ಉಳಿಯುವುದರ ಮೇಲೆ ಕಮಿಷನ್ ಕೊಡಿ, ಆಮೇಲೆ ನೋಡಿ ಬೆಲೆಯ ಮಾತು ಬಂದಾಗ ನಮ್ಮ ಬೆನ್ನು ಎಷ್ಟು ನೆಟ್ಟಗಾಗುತ್ತೆ ಅಂತ.

ತಿಂಗಳ ಕೊನೆಯ ವಾರ ಈ ಉದ್ಯೋಗದ ನಿಜವಾದ ಮುಖ ಕಾಣುತ್ತದೆ. ಬೆಳಿಗ್ಗೆಯಿಂದ ಮ್ಯಾನೇಜರ್ ಬಾಯಲ್ಲಿ ಒಂದೇ ಮಾತು, 'ಎಷ್ಟು ಬಾಕಿ ಇದೆ?' ಬಾಕಿ ಅಂದರೆ ಟಾರ್ಗೆಟ್. ಮುಂದಿನ ತಿಂಗಳು ಹೇಗೂ ಬರಲಿದ್ದ ಆರ್ಡರನ್ನು ಈ ತಿಂಗಳೇ ಎಳೆದು ತರಬೇಕು. ಎಳೆಯಲು ಏನಾದರೂ ಕೊಡಬೇಕು. ಒಂದೋ ಇನ್ನೆರಡು ಪರ್ಸೆಂಟ್, ಇಲ್ಲವೋ ಇನ್ನೊಂದು ತಿಂಗಳ ಕ್ರೆಡಿಟ್. ಪಾರ್ಟಿಗಳು ಕಣ್ಣು ಮುಚ್ಚಿ ಕೂತಿರುವುದಿಲ್ಲ. ಒಂದು ಪಕ್ಷ ಮೊದಲ ಸಲ ಸುಮ್ಮನೆ ಒಪ್ಪಿಕೊಂಡಾರು. ಆಮೇಲೆ ಹದಿನೈದನೇ ತಾರೀಕಿಗೆ ಫೋನ್ ಮಾಡಿದರೆ 'ಇಪ್ಪತ್ತೆಂಟಕ್ಕೆ ಮಾಡಿ' ಅನ್ನುತ್ತಾರೆ, ನಗುತ್ತಲೇ. ತಿಂಗಳ ಮೊದಲ ಹತ್ತು ದಿನ ಗೋದಾಮು ಬಿಕೋ ಅನ್ನುತ್ತದೆ, ಕೊನೆಯ ಮೂರು ದಿನ ಲೋಡಿಂಗಿನವರಿಗೆ ಉಸಿರಾಡಲು ಬಿಡುವಿಲ್ಲ. ತಪ್ಪು ಮಾಲು ಹೋಗುವುದೂ ಆ ಮೂರು ದಿನಗಳಲ್ಲೇ ಜಾಸ್ತಿ. ಮುಂದಿನ ತಿಂಗಳ ರಿಟರ್ನ್‌ಗಳ ಬೀಜ ಅಲ್ಲಿ ಬೀಳುತ್ತದೆ.

ಇದು ದೊಡ್ಡದಾಗಿ ಬೆಳೆದರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ಸನ್‌ಬೀಮ್ ಕಂಪನಿಯ ಕಥೆ ಇದೆ. ಬೇಸಿಗೆಯಲ್ಲಿ ಹೋಗುವ ಬಾರ್ಬೆಕ್ಯೂ ಗ್ರಿಲ್‌ಗಳನ್ನು ಅವರು 1997ರಲ್ಲಿ ಚಳಿಗಾಲಕ್ಕೂ ಮುಂಚೆಯೇ ಅಂಗಡಿಯವರಿಗೆ ಡಿಸ್ಕೌಂಟ್ ಕೊಟ್ಟು ಬಿಲ್ ಮಾಡಿದ್ದರು. ಎಷ್ಟೋ ಮಾಲು ಅಂಗಡಿಗೂ ಹೋಗಿರಲಿಲ್ಲ, ಬಿಲ್ ಮಾತ್ರ ಆಗಿತ್ತು. ಆ ವರ್ಷದ ಲೆಕ್ಕ ಬಹಳ ಚೆನ್ನಾಗಿ ಕಂಡಿತು. ಮರುವರ್ಷ ಮಾರಲು ಏನೂ ಉಳಿದಿರಲಿಲ್ಲ. 1998ರಲ್ಲಿ ಅದರ ಮುಖ್ಯಸ್ಥ ಆಲ್ ಡನ್‌ಲ್ಯಾಪ್ ಅವರನ್ನು ಆಡಳಿತ ಮಂಡಳಿಯೇ ಹೊರಗೆ ಕಳಿಸಿತು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಷೇರುಪೇಟೆ ನಿಯಂತ್ರಣ ಸಂಸ್ಥೆ ಮೊಕದ್ದಮೆ ಹೂಡಿದ್ದೂ ಅದೇ ವರ್ಷ. ನಮ್ಮಂಥವರ ತಿಂಗಳ ಕೊನೆಯ ಎಳೆದಾಟ ಅಷ್ಟು ದೊಡ್ಡದಲ್ಲ ನಿಜ, ಅದು ಮೋಸವೂ ಅಲ್ಲ. ಆದರೆ ರೋಗದ ಜಾತಿ ಒಂದೇ.

ಇದರ ಪೆಟ್ಟು ನಮ್ಮ ಕಂಪನಿಯ ಗೋಡೆಯೊಳಗೇ ನಿಲ್ಲುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಹಾವ್ ಲೀ ಮತ್ತು ಅವರ ಇಬ್ಬರು ಸಂಗಡಿಗರು 1997ರಲ್ಲಿ ಬರೆದ ಲೇಖನದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಡೈಪರ್ ವ್ಯಾಪಾರದ ಉದಾಹರಣೆ ಇದೆ. ಮಗು ಡೈಪರ್ ಬಳಸುವುದು ತಿಂಗಳಿಂದ ತಿಂಗಳಿಗೆ ಅಷ್ಟೇನೂ ಬದಲಾಗುವುದಿಲ್ಲ. ಅಂಗಡಿಗಳ ಮಾರಾಟದಲ್ಲೂ ಏರಿಳಿತ ಕಡಿಮೆ. ವಿತರಕರು ಕಳಿಸುವ ಆರ್ಡರ್‌ನಲ್ಲಿ ಏರಿಳಿತ ಜಾಸ್ತಿ. ಕಂಪನಿ ತನ್ನ ಕಚ್ಚಾಮಾಲಿನವರಿಗೆ ಕೊಡುವ ಆರ್ಡರ್‌ನಲ್ಲಿ ಇನ್ನೂ ಜಾಸ್ತಿ. ಬುಲ್‌ವಿಪ್ ಎಫೆಕ್ಟ್ ಅಂತ ಕರೆಯುವುದು ಇದನ್ನೇ. ಆಫರ್ ಇದ್ದಾಗ ರಾಶಿ ಕೊಳ್ಳುವುದು, ಮಾಲು ಸಿಗಲಿಕ್ಕಿಲ್ಲ ಅಂತ ಹೆದರಿ ಎರಡೆರಡು ಕಡೆ ಆರ್ಡರ್ ಹಾಕುವುದು, ಇವೆಲ್ಲ ಅದಕ್ಕೆ ಕಾರಣ ಅಂತ ಅವರು ತೋರಿಸಿದರು. ಓದಿದಾಗ ನನಗೆ ನಗು ಬಂತು. ನಮ್ಮ ಇಪ್ಪತ್ತೆಂಟನೇ ತಾರೀಕನ್ನು ಯಾರೋ ಪಕ್ಕದಲ್ಲಿ ಕೂತು ಬರೆದ ಹಾಗಿತ್ತು.

ಈಗ ವಸೂಲಿ. ಹೊಸಬರಿಗೆ ಇಷ್ಟವಿಲ್ಲದ ವಿಷಯ ಇದು, ನನಗೆ ಬರಬರುತ್ತಾ ಇಷ್ಟವಾದದ್ದು. ಸಗಟಿನಲ್ಲಿ ಎಲ್ಲವೂ ಸಾಲದ ಮೇಲೆ ನಡೆಯುತ್ತದೆ. 30 ದಿನ, 45 ದಿನ, 60 ದಿನ. ಕೆಲವು ಕಡೆ ಹತ್ತು ದಿನದೊಳಗೆ ಕೊಟ್ಟರೆ ಎರಡು ಪರ್ಸೆಂಟ್ ಬಿಡುತ್ತಾರೆ, ಇಲ್ಲವಾದರೆ 30 ದಿನಕ್ಕೆ ಪೂರ್ತಿ. ಎರಡು ಅಂದರೆ ಪುಡಿಗಾಸು ಅಂತ ಅನ್ನಿಸುತ್ತದೆ. ಬರೀ ಇಪ್ಪತ್ತು ದಿನ ತಡಮಾಡಲು ಕೊಡುವ ಬಡ್ಡಿ ಅಂತ ನೋಡಿದರೆ ಅದು ವರ್ಷಕ್ಕೆ ಸುಮಾರು 37 ಪರ್ಸೆಂಟ್. ಅಷ್ಟು ದುಬಾರಿ ಬಡ್ಡಿ ತೆತ್ತೂ ಪಾರ್ಟಿ 30 ದಿನ ತೆಗೆದುಕೊಳ್ಳುತ್ತಿದ್ದಾರೆ ಅಂದರೆ, ಒಂದೋ ಅವರು ಲೆಕ್ಕ ಹಾಕಿಲ್ಲ, ಇಲ್ಲವೋ ಅವರ ಕೈಯಲ್ಲಿ ದುಡ್ಡಿಲ್ಲ. ಎರಡನೆಯದಾದರೆ ಆಫೀಸಿನ ಅಕೌಂಟ್ಸ್‌ಗಿಂತ ಮುಂಚೆ ನನಗೆ ಗೊತ್ತಿರಬೇಕು.

ಗೊತ್ತಾಗುತ್ತದೆ ಕೂಡ. ದುಡ್ಡಿನ ಬಿಗಿ ಬಂದ ಪಾರ್ಟಿ ಮೊದಲು ಚಿಕ್ಕ ಚಿಕ್ಕ ಆರ್ಡರ್ ಹಾಕಲು ಶುರು ಮಾಡುತ್ತಾರೆ. ಬಿಲ್ಲಿನ ಗಡುವು ಮುಗಿಯುವ ವಾರ ಸರಿಯಾಗಿ ಹಳೇ ಮಾಲಿನಲ್ಲಿ ಒಂದು ದೋಷ ಕಾಣಿಸಿಕೊಳ್ಳುತ್ತದೆ. ಫೋನ್ ಎತ್ತುತ್ತಿದ್ದ ಮಾಲೀಕರ ಬದಲು ಗುಮಾಸ್ತರು ಎತ್ತುತ್ತಾರೆ. ಯಾವತ್ತೂ ಬೆಲೆಗೆ ಚೌಕಾಸಿ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದ ಬೆಲೆಗೆ ಒಪ್ಪಿಬಿಡುತ್ತಾರೆ. ಈ ಕೊನೆಯದೇ ಎಲ್ಲಕ್ಕಿಂತ ಹೆದರಿಕೆಯ ಲಕ್ಷಣ. ದುಡ್ಡು ಕೊಡುವ ಯೋಚನೆ ಇದ್ದವರು ಚೌಕಾಸಿ ಮಾಡುತ್ತಾರೆ. ಎಲ್ಲ ಖರ್ಚು ಕಳೆದು 100ಕ್ಕೆ 4 ಉಳಿಯುವ ವ್ಯಾಪಾರದಲ್ಲಿ 100ರ ಒಂದು ಬಿಲ್ ಮುಳುಗಿದರೆ ಅದನ್ನು ತುಂಬಲು 2,500ರಷ್ಟು ಮಾರಬೇಕು. ಇಷ್ಟಾದರೂ ವಸೂಲಿ ಸೇಲ್ಸ್‌ನವರ ಕೆಲಸವಲ್ಲ ಅನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ನಮ್ಮದೇ ಕೆಲಸ, ಆದರೆ ಒಂದು ಷರತ್ತು. ಸಾಲದ ಮಿತಿ ಗೊತ್ತುಮಾಡುವಾಗ ನಮ್ಮನ್ನೂ ಕೇಳಬೇಕು. ಮಿತಿಯನ್ನು ಮೇಲಿನವರು ಏರಿಸುತ್ತಾ ಹೋಗಿ, ಮುಳುಗಿದಾಗ ಮಾತ್ರ 'ನಿಮ್ಮ ಪಾರ್ಟಿ' ಅನ್ನುವುದು ಸರಿಯಲ್ಲ.

ಅಕೌಂಟ್ಸ್‌ನವರು ಪಾರ್ಟಿಯ ಖಾತೆಯನ್ನು ಹೋಲ್ಡ್‌ನಲ್ಲಿ ಇಡುವ ದಿನ ನೋಡಬೇಕು. ಕಾರ್ಖಾನೆ ನಿಲ್ಲಿಸಿ ರಿಪೇರಿಗೆ ಕೂತಿರುವ ಪಾರ್ಟಿಗೆ ಲೋಡ್ ರೆಡಿ ಇರುತ್ತದೆ. ಒಂದು ಹಳೇ ಕ್ರೆಡಿಟ್ ನೋಟ್, ಅಂದರೆ ಪಾರ್ಟಿಯ ಬಾಕಿಯಿಂದ ಕಳೆಯಬೇಕಾದ ಮೊತ್ತದ ಚೀಟಿ, ಎಂಟ್ರಿ ಆಗದೇ ಉಳಿದಿದ್ದಕ್ಕೆ ಕಂಪ್ಯೂಟರ್ ಬಿಲ್ ಬಿಡುವುದಿಲ್ಲ. ಅಕೌಂಟ್ಸ್‌ನವರು ನಿಯಮ ತೋರಿಸುತ್ತಾರೆ. ಪಾರ್ಟಿ ಗಡಿಯಾರ ತೋರಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಯಾರ ಕಡೆಯವರು ಅಂತ ಇಬ್ಬರೂ ಕೇಳುತ್ತಾರೆ. ನಾನು ಕ್ರೆಡಿಟ್ ನೋಟಿನ ನಂಬರ್ ಹುಡುಕಿ ಕೊಡುತ್ತೇನೆ. ಜಗಳಕ್ಕಿಂತ ಅದು ಬೇಗ ಮುಗಿಯುತ್ತದೆ.

ಈ ಉದ್ಯೋಗ ಇನ್ನೆಷ್ಟು ದಿನ ಅನ್ನುವ ಮಾತು ನಾನು ಸೇರಿದಾಗಿನಿಂದ ಇದೆ. ಅಮೆಜಾನ್ 2015ರಲ್ಲಿ ಕಂಪನಿಗಳಿಗಾಗಿಯೇ ಅಮೆಜಾನ್ ಬಿಸಿನೆಸ್ ಶುರು ಮಾಡಿತು. ಅದೇ ವರ್ಷ ಫಾರೆಸ್ಟರ್ ಅನ್ನುವ ಸಂಶೋಧನಾ ಸಂಸ್ಥೆ, 2020ರೊಳಗೆ ಅಮೆರಿಕದಲ್ಲಿ ಕಂಪನಿಗಳಿಗೆ ಮಾರುವ ಸೇಲ್ಸ್ ಜನರಲ್ಲಿ 10 ಲಕ್ಷ ಮಂದಿ ಕೆಲಸ ಕಳೆದುಕೊಳ್ಳುತ್ತಾರೆ ಅಂತ ಭವಿಷ್ಯ ಹೇಳಿತು. ಬರೀ ಆರ್ಡರ್ ಬರೆದುಕೊಳ್ಳುವವರೇ ಮೊದಲು ಹೋಗುತ್ತಾರೆ ಅನ್ನುವುದು ಅವರ ವಾದ. ಆ ವಾದ ನನಗೂ ಒಪ್ಪಿಗೆ. ವೆಬ್‌ಸೈಟ್ ಚೆನ್ನಾಗಿದ್ದರೆ ಮಾಮೂಲಿ ಆರ್ಡರ್ ಅಲ್ಲೇ ಹೋಗಲಿ, ನಮಗೂ ಹಗುರ. ಆದರೆ 2020ರಲ್ಲಿ ಕೋವಿಡ್ ಬಂದು ಮಾಲಿನ ಸರಪಳಿ ಕಡಿದಾಗ ಫೋನುಗಳು ಬಿಡುವಿಲ್ಲದೆ ಬಡಿದುಕೊಂಡವು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿದಾಗಲೂ ಅದೇ. ವೆಬ್‌ಸೈಟ್ 'ಸ್ಟಾಕ್ ಇಲ್ಲ' ಅಂತ ಹೇಳಿ ಸುಮ್ಮನಾಗುತ್ತಿತ್ತು. ಪಾರ್ಟಿಗೆ ಬೇಕಾಗಿದ್ದದ್ದು 'ಇದರ ಬದಲು ಯಾವುದು ಕೂರುತ್ತೆ, ಯಾರ ಹತ್ತಿರ ಇದೆ, ನಾನು ನನ್ನ ಮಾಲೀಕರಿಗೆ ಯಾವ ತಾರೀಕು ಹೇಳಲಿ' ಅನ್ನುವ ಉತ್ತರ.

ಈ ಲೈನಿಗೆ ಬರಬೇಕು ಅಂದುಕೊಂಡಿರುವ ಹುಡುಗ ಹುಡುಗಿಯರು ಆಗಾಗ ಸಲಹೆ ಕೇಳುತ್ತಾರೆ. ಇಂಟರ್‌ವ್ಯೂನಲ್ಲಿ ಸಂಬಳ ಎಷ್ಟು ಅಂತ ಹೇಗೂ ಕೇಳುತ್ತೀರಿ. ಅದರ ಜೊತೆಗೆ ಕಮಿಷನ್ ಬಿಲ್ಲಿನ ಮೇಲಾ, ವಸೂಲಿಯ ಮೇಲಾ, ಮಾರ್ಜಿನ್ ಮೇಲಾ ಅಂತ ಕೇಳಿ. ಮಾಲು ರಿಟರ್ನ್ ಬಂದರೆ ಕೊಟ್ಟ ಕಮಿಷನ್ ಕಡಿಯುತ್ತಾರಾ, ತಪ್ಪು ಗೋದಾಮಿನದಾದರೂ ಕಡಿಯುತ್ತಾರಾ ಅಂತಲೂ ಕೇಳಿ. ಆಮೇಲೆ, ನಿಮಗೆ ಕೊಡುವ ಪಾರ್ಟಿಗಳನ್ನು ಮುಂಚೆ ನೋಡಿಕೊಳ್ಳುತ್ತಿದ್ದವರು ಈಗೆಲ್ಲಿದ್ದಾರೆ ಅಂತ ಕೇಳಿ. ಈ ಪ್ರಶ್ನೆಗಳಿಗೆ ಎಚ್‌ಆರ್‌ನವರು ಸರಿಯಾಗಿ ಉತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಕಡಿಮೆ. ಸಾಧ್ಯವಾದರೆ ಗೋದಾಮು ತೋರಿಸಿ ಅನ್ನಿ. ಅಲ್ಲಿ ಲೋಡ್ ಮಾಡುತ್ತಿರುವವರಲ್ಲಿ ಯಾರನ್ನಾದರೂ ಮಾತಾಡಿಸಿ, ತಿಂಗಳ ಕೊನೆ ಹೇಗಿರುತ್ತೆ ಅಂತ ವಿಚಾರಿಸಿ. ಸಂಬಳದ ಕಾಗದದಲ್ಲಿ ಇಲ್ಲದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ.